ಅತ್ತೆ ನೀವಿದ ಕೈ

ನವೆಂಬರ್ ೧೨, ಗುರುವಾರ

ಕೈಗೆ ಹತ್ತಿದ ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ. ಎರಡು ಸಲ ಸೋಪು ಹಾಕಿ ತೊಳೆದೆ. ನನ್ನ ಮೇಲೆ ನನಗೇ ಹೇಸಿಗೆ.

ಬ್ರೆಡ್ಡು ಇವತ್ತೂ ಚೆನ್ನಾಗಿಯೇ ಬಂದಿತ್ತು, ಚಾಕು ಇಟ್ಟರೆ ಕರಕರ ಎನ್ನುವಂಥ ಹೊರಮೈ. ಅದಕ್ಕೆ ನಾನು ಪಟ್ಟ ಶ್ರಮವೇನು? ನಿನ್ನೆ ಮಲಗುವ ಮುಂಚೆ ಹಿಟ್ಟು, ಉಪ್ಪು, ಚಿಟಿಕೆ ಯೀಸ್ಟು, ನೀರು ಹಾಕಿ ಸೌಟಿನಲ್ಲಿ ಎರಡು ನಿಮಿಷ ಕಲಸಿ ಮುಚ್ಚಿಟ್ಟೆ. ಬೆಳಿಗ್ಗೆ ಕಾದ ಕಬ್ಬಿಣದ ಪಾತ್ರೆಗೆ ಮಗುಚಿ ಓವನ್ನಿಗೆ ತಳ್ಳಿದೆ. ನಾದುವ ಮಾತೇ ಇಲ್ಲ.

ಮನೆಯಲ್ಲಿ ಹೇಳಿರುವುದು ಬೇರೆ. ಮೊದಲ ದಿನ ಎಲ್ಲರೂ ಹೊಗಳಿ ಅಟ್ಟಕ್ಕೇರಿಸಿದಾಗ, ಒಂದು ಗಂಟೆ ನಾದಿದೆ ಅಂದುಬಿಟ್ಟೆ. ಆಮೇಲೆ ಇಳಿಯಲು ಮನಸ್ಸಾಗಲಿಲ್ಲ.

ಅತ್ತೆ ನಲವತ್ತು ವರ್ಷ ಈ ಮನೆಗೆ ಬ್ರೆಡ್ಡು ಮಾಡಿದವರು. ಬೆರಳ ಗಂಟುಗಳು ಊದಿ, ನಾದಲಾಗದೆ ಬಿಟ್ಟು ಎರಡು ವರ್ಷವಾಯಿತು. ಇವತ್ತು ಸಂಜೆ ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತರು.

"ಕೈ ಕೊಡಮ್ಮ ಇಲ್ಲಿ. ಅಷ್ಟೊತ್ತು ನಾದಿದ್ರೆ ಎಷ್ಟು ನೋಯುತ್ತೆ ಅಂತ ನಂಗೊತ್ತು."

ಆ ಸೊಟ್ಟ ಬೆರಳುಗಳಿಂದ ನನ್ನ ಒಂದೊಂದೇ ಬೆರಳನ್ನು ನೀವಿದರು. ನೋವಿಗೆ ನಡುನಡುವೆ ಅವರೇ ತುಟಿ ಕಚ್ಚುತ್ತಿದ್ದರು.

"ನಂಗೂ ಒಂದ್ಸಲ ಮಾಡ್ಬೇಕು ಅನ್ಸುತ್ತೆ ಕಣೇ. ಈ ಕೈಲಿ ಆಗ್ಬೇಕಲ್ಲ."

ಆಗುತ್ತೆ ಅತ್ತೆ, ಒಂದು ಸೌಟಿದ್ದರೆ ಸಾಕು. ಇಷ್ಟೇ ಹೇಳಬೇಕಿತ್ತು.

ನಾನು ಇನ್ನೊಂದು ಕೈ ಚಾಚಿದೆ.