ಮಡ್‌ಗಾರ್ಡಿಗೆ ಕಾಯಿ ಒಡೆಯುತ್ತಿದ್ದವಳಿಗೆ

ಭಾಗೂ,

ನಿನ್ನನ್ನು ಮಣ್ಣು ಮಾಡಿ ವರ್ಷವಾಯಿತು. ನೀನು ಮಾಡಿಟ್ಟ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಅಮಾವಾಸ್ಯೆಯ ಗಾಡಿಪೂಜೆಗೆ ಊರವರೆಲ್ಲ ಕಲ್ಲಿಗೆ ಕಾಯಿ ಒಡೆದರೆ, ನೀನು ನನ್ನ ಬೈಕಿನ ಮಡ್‌ಗಾರ್ಡಿಗೇ ಒಡೆಯುತ್ತಿದ್ದೆ. ಒಂದೊಂದು ಅಮಾವಾಸ್ಯೆಗೆ ಒಂದೊಂದು ಕಡೆ ಬಣ್ಣ ಹಾರಿದೆ. ಬೈದರೆ, "ಕಡೇಚೂರು ಫ್ಯಾಕ್ಟರಿಗಿ ದಿನಾ ಕಲ್ಲು ಹೋಗತದೇನ್ರಿ? ಗಾಡಿ ಹೋಗತದ. ಪೆಟ್ಟು ಅದಕ್ಕ ಬೀಳ್ಲಿ, ನಿಮಗ ಬ್ಯಾಡ," ಎನ್ನುತ್ತಿದ್ದೆ.

ಇವತ್ತು ಅಂಗಳದಲ್ಲಿ ಕೂತು ಎಲ್ಲ ತುಕ್ಕು ಉಜ್ಜಿದೆ. ಯಾದಗಿರಿಯ ಅಂಗಡಿಯವನು "ಅದೇ ಕೆಂಪು ಅದರಿ" ಎಂದು ಆಣೆ ಮಾಡಿ ಕೊಟ್ಟ ಬಣ್ಣ ಒಣಗುತ್ತಲೇ ಕಂದಾಯಿತು. ಮಡ್‌ಗಾರ್ಡಿಗೆ ದಡಾರ ಎದ್ದಂತೆ ಕಂಡಿತು! ಮತ್ತೆ ಉಜ್ಜಿ, ಬೇರೆ ಶೀಸೆ ತಂದು ಹಚ್ಚುವಷ್ಟರಲ್ಲಿ ಸೊಂಟ ಬಿದ್ದುಹೋಯಿತು.

ಆಗಲೇ ನಮ್ಮ ಭುವನೇಶ್ವರಿ ಕಾಯಿ ಹಿಡಿದು ಹೊರಗೆ ಬಂದಳು. ಇವತ್ತು ಅಮಾವಾಸ್ಯೆಯಂತೆ. ನೀನು ಹೋದಮೇಲೆ ಈ ಮನೆಯಲ್ಲಿ ಯಾರೂ ಗಾಡಿಗೆ ಕಾಯಿ ಒಡೆದಿರಲಿಲ್ಲ.

"ಅಪ್ಪಾ, ಕಲ್ಲು ಎಲ್ಲಿ ಅದ?" ಎಂದಳು.

ಕಲ್ಲು ನನ್ನ ಕಾಲ ಬಳಿಯೇ ಇತ್ತು. ನಾನು ಹಸಿ ಬಣ್ಣದ ಮಡ್‌ಗಾರ್ಡ್ ತೋರಿಸಿದೆ.

ಸೂಗಪ್ಪ