ಇಪ್ಪತ್ತಾರು ಬೆಳಗಿನ ಕಿರುಚಾಟ

ಗುಂಡಿ ಅಂಗಡಿಯ ಹಿಂದಿನ ಕೋಣೆ,
ಫೆಬ್ರವರಿ ೨೩, ಭಾನುವಾರ ಬೆಳಿಗ್ಗೆ

ನನ್ನ ಪ್ರೀತಿಯ ಪುಟ್ಟೀ,

ಕ್ಷೇಮ ಕೇಳುವ ಮೊದಲೇ ಖರ್ಚು ಒಪ್ಪಿಸಿಬಿಡುತ್ತೇನೆ. ತಡ ಮಾಡಿದರೆ ನಿಮ್ಮಮ್ಮ ಕಾಗದದ ಅಂಚಿನಲ್ಲಿ ತಾನೇ ಬರೆದು ಸೇರಿಸಿಬಿಡುತ್ತಾಳೆ. ಹೊಸ ಬೆಲ್ಟು ಎರಡು. ಬೇರಿಂಗು ಒಂದು. ಇಪ್ಪತ್ತಾರು ಬೆಳಗಿನ ಪೆಟ್ರೋಲು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಒಂದು, ಅದರ ಮೂತಿ ಬಾನೆಟ್ಟಿಗೆ ಸಿಕ್ಕಿ ಮುರಿಯಿತು. ಎದುರುಮನೆಯ ಕಾಂಪೌಂಡರ್ ಜೊತೆಗಿನ ಹನ್ನೊಂದು ವರ್ಷದ ಸ್ನೇಹ. ಪಾಪ, ಅವನು ರಾತ್ರಿ ಪಾಳಿ ಮುಗಿಸಿ ಬಂದು ದಿಂಬಿಗೆ ತಲೆ ಕೊಡುವ ಹೊತ್ತಿಗೆ ಸರಿಯಾಗಿ ನಾನು ಕಾರು ಸ್ಟಾರ್ಟ್ ಮಾಡುತ್ತಿದ್ದೆ. ನಿಮ್ಮಮ್ಮನ ಮಾತು ಒಂಬತ್ತು ದಿನ. ಅದನ್ನು ಖರ್ಚಿಗೆ ಬರೆಯಬೇಕೋ ಉಳಿತಾಯಕ್ಕೋ ಇನ್ನೂ ನಿರ್ಧರಿಸಿಲ್ಲ. ಇಷ್ಟೆಲ್ಲ ಸುರಿದು ನಾನು ಕೊಂಡದ್ದು ಒಂದೇ ಸಾಮಾನು: ನೀನು ಕೆಲಸ ಬಿಡುವಂತೆ ಮಾಡಿದ ಆ ಗ್ಯಾರೇಜಿನ ಯಜಮಾನನ ಬಾಯಿಂದ ಎರಡು ಅಕ್ಷರ. ಆದರೆ ಅದನ್ನು ಈಗಲೇ ಹೇಳುವುದಿಲ್ಲ, ಕಾಯಿ.

ಹೇಗಿದ್ದೀಯಾ? ಬಸ್ ಡಿಪೋದಲ್ಲಿ ದಿನವಿಡೀ ನಿಂತೇ ಇರಬೇಕು ಅಂದಿದ್ದೆ, ಕಾಲು ಊದುತ್ತಿದೆಯೇ? ಮಣಿಕಟ್ಟಿನ ನೋವು ಇಳಿಯಿತೇ? ಕೋಣೆಯ ಗೆಳತಿ ಈಗಲೂ ನಿದ್ದೆಯಲ್ಲಿ ಜಗಳ ಆಡುತ್ತಾಳೆಯೇ? ನಿನ್ನ ಜನವರಿಯ ಕಾಗದದಲ್ಲಿ ಒಂದು ಸಾಲು ಬರೆದಿದ್ದೆ: 'ಇಂಜಿನ್ ಮುಟ್ಟಕ್ಕೆ ಬಿಡ್ತಿಲ್ಲ ಅಪ್ಪಾ, ಬರೀ ಸಾಮಾನು ತೊಳೆಯೋ ಕೆಲಸ, ಹಿಂದಿನ ಗ್ಯಾರೇಜಿಂದ ಒಳ್ಳೇ ಪತ್ರ ತರಬೇಕಂತೆ.' ಆ ಸಾಲಿನ ಮುಂದೆ ನೀನು ಹವಾಮಾನದ ವಿಷಯ ಬರೆದೆ. ನಾನು ಮಾತ್ರ ಆ ಸಾಲಿನಲ್ಲೇ ನಿಂತುಬಿಟ್ಟೆ. ಮೂರು ವರ್ಷ ಅವನ ಗ್ಯಾರೇಜಿನಲ್ಲಿ ಗ್ರೀಸು ಬಳಿದುಕೊಂಡ ಮಗಳು ಈಗ ಬೇರೆಯವರು ಬಿಚ್ಚಿಟ್ಟ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಾಳೆ! ಆ ದಿನವೇ ನಾನು ಸೇಡಿನ ಪುಸ್ತಕ ತೆರೆದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಸಹಿಸಿಕೋ. ಸೇಡಿನ ಕಥೆಯನ್ನು ಬುಡದಿಂದ ಹೇಳದಿದ್ದರೆ ಹೊಟ್ಟೆ ತುಂಬುವುದಿಲ್ಲ. ಅಕ್ಟೋಬರಿನಲ್ಲಿ ನಮ್ಮ ಕಾರಿನ ಡೈನಮೊ, ಅದೇ ಬ್ಯಾಟರಿಗೆ ಕರೆಂಟು ತುಂಬುವ ಯಂತ್ರ, ಗುರ್ ಎನ್ನತೊಡಗಿತು. ಅವನ ಗ್ಯಾರೇಜಿನಲ್ಲಿ ನೀನೇ ಬಿಚ್ಚಿದೆ. ಹಳೆಯ ಬೆಡ್‌ಶೀಟಿನ ತುಂಡು ಹಾಸಿ, ಬೋಲ್ಟು, ನಟ್ಟು, ವಾಷರು ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಎಣಿಸಿ ಸಾಲಾಗಿ ಇಟ್ಟೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು, ಇದು ನನ್ನ ಅಂಗಡಿಯ ಗುಂಡಿ ಸಾಲಿನ ಬುದ್ಧಿ ಎಂದು ಮೀಸೆ ತಿರುವುತ್ತಿದ್ದೆ. ಅಷ್ಟರಲ್ಲಿ ಯಜಮಾನ ನಿನ್ನನ್ನು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅಟ್ಟಿದ. ನಾನೂ ಅಂಗಡಿ ತೆರೆಯುವ ಹೊತ್ತಾಯಿತೆಂದು ಎದ್ದು ಬಂದೆ. ಸಂಜೆ ಕಾರು ಮನೆಗೆ ಬಂತು. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದ್ದೇ ತಡ, ಬೆಲ್ಟು ಕಿರುಚಿದ ಕಿರುಚಿಗೆ ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ನಾನು ದೊಡ್ಡ ಗಂಟಲಿನವನು ಹೋಗಿ ನಾಲ್ಕು ಗಿರಾಕಿಗಳ ಮುಂದೆ ಕೂಗಾಡಿದೆ. ಅವನು ಕ್ಷಣವೂ ಯೋಚಿಸದೆ ನಿನ್ನ ಕಡೆ ಬೆರಳು ತೋರಿಸಿದ: 'ಸ್ವಂತ ಅಪ್ಪನ ಕಾರನ್ನೇ ನೆಟ್ಟಗೆ ಜೋಡಿಸಕ್ಕೆ ಬರದೋಳು, ಬೇರೆಯೋರದು ಏನು ಜೋಡಿಸ್ತಾಳೆ?' ಬಿಚ್ಚಿದ್ದಷ್ಟೇ ನಾನು, ಜೋಡಿಸಿದ್ದು ನಾನಲ್ಲ ಎಂದೆ ನೀನು. 'ಈಗ ಸುಳ್ಳು ಬೇರೆ' ಎಂದ ಅವನು. ನೀನು ಕೈ ಒರೆಸಿದ ಚಿಂದಿಯನ್ನು ಅವನ ಮೇಜಿನ ಮೇಲೆ ಎಸೆದು ಹೊರಟುಬಿಟ್ಟೆ. ನಿಮ್ಮಮ್ಮನ ಮೂಗು, ನಿಮ್ಮಮ್ಮನದೇ ಸಿಟ್ಟು. ಒಂದು ನಿಮಿಷ ನಿಂತು ಬಾನೆಟ್ ತೆಗೆಸಿದ್ದರೆ ನನಗೆ ಇಪ್ಪತ್ತಾರು ಬೆಳಗು ಉಳಿಯುತ್ತಿದ್ದವು.

ನೀನು ಹೋದ ಮೇಲೆ ಕಾರನ್ನು ನಾನು ಹೆಚ್ಚು ಹೊರಗೆ ತೆಗೆಯಲೇ ಇಲ್ಲ. ಬೇರೆ ಮೆಕ್ಯಾನಿಕ್ ಒಬ್ಬ ಅರ್ಧ ಗಂಟೆಯಲ್ಲಿ ಸರಿ ಮಾಡಿಕೊಡುತ್ತೇನೆ ಎಂದ. ನಾನು ಬಿಡಲಿಲ್ಲ. ಆ ಕಿರುಚಾಟ ನನ್ನ ಸಾಕ್ಷಿ ಕಣೇ, ಸಾಕ್ಷಿಯ ಬಾಯಿಯನ್ನು ಯಾರಾದರೂ ತಾವೇ ಮುಚ್ಚಿಸುತ್ತಾರೆಯೇ? ಜನವರಿ ಕೊನೆಯಿಂದ ಪ್ರತಿ ಬೆಳಿಗ್ಗೆ ಎಂಟಕ್ಕೆ, ಅವನ ಗ್ಯಾರೇಜಿನ ಬಾಗಿಲಿಗೆ ಎದುರಾಗಿ ರಸ್ತೆಯ ಆಚೆ ಬದಿಗೆ ಕಾರು ನಿಲ್ಲಿಸುತ್ತಿದ್ದೆ. ಹೆಡ್‌ಲೈಟು ಹಾಕುತ್ತಿದ್ದೆ, ಎಸಿ ಪೂರ್ತಿ ತಿರುಗಿಸುತ್ತಿದ್ದೆ. ಡೈನಮೊಗೆ ಹೊರೆ ಹೆಚ್ಚಿದಷ್ಟೂ ಬೆಲ್ಟಿನ ಗಂಟಲು ತೆರೆಯುತ್ತದೆ. ಆಮೇಲೆ ಇಳಿದು, ಕಾರಿಗೆ ಒರಗಿ, ಅಂಗಡಿಯ ಶಟರಿನ ಕೀಲಿಗೊಂಚಲನ್ನು ಬೆರಳಿಗೆ ಸುತ್ತಿ ಗಿಲಿಗಿಲಿ ಆಡಿಸುತ್ತಾ ನಿಲ್ಲುತ್ತಿದ್ದೆ. ಜೋರು ಮಾತಿಲ್ಲ, ಜಗಳವಿಲ್ಲ. ಬಂದ ಗಿರಾಕಿ ಕಿವಿ ಮುಚ್ಚಿಕೊಂಡು ಏನಿದು ಎಂದರೆ, 'ಇಲ್ಲೇ ರಿಪೇರಿ ಆಗಿದ್ದು ಸ್ವಾಮೀ, ತುಂಬ ಒಳ್ಳೇ ಗ್ಯಾರೇಜು' ಎನ್ನುತ್ತಿದ್ದೆ. ಎಷ್ಟು ವಿನಯ ಅಂದರೆ, ನನಗೇ ನನ್ನ ಮೇಲೆ ಅನುಮಾನ ಬರುವಷ್ಟು.

ನಾಲ್ಕನೆಯ ದಿನ ಅವನು ಓಡಿಬಂದು ಬೆಲ್ಟಿಗೆ ಅದೇನೋ ಡಬ್ಬಿಯಿಂದ ಚುಸ್ ಎಂದು ಹೊಡೆದ. ಎರಡು ದಿನ ಮೌನ, ಮೂರನೆಯ ದಿನ ಹೊಸ ಉತ್ಸಾಹದ ಕಿರುಚು. ಆಮೇಲೆ ಹೊಸ ಬೆಲ್ಟು. ಆಮೇಲೆ ಇನ್ನೊಂದು. ಆಮೇಲೆ ಬೆಲ್ಟನ್ನು ತಂತಿಯಂತೆ ಬಿಗಿದ. ವಾರದೊಳಗೆ ನೀರಿನ ಪಂಪಿನ ಬೇರಿಂಗು ಹೋಯಿತು. 'ಗಾಡಿ ಒಂದು ದಿನ ಬಿಟ್ಟು ಹೋಗಿ ಮಾರಾಯ್ರೇ, ಡೈನಮೊ ಇಳಿಸಿ ನೋಡ್ತೀನಿ' ಎಂದು ಗೋಗರೆದ. 'ನನ್ನ ಕಣ್ಣೆದುರೇ ಇಳಿಸಿ, ಕೂತಿರ್ತೀನಿ' ಎಂದೆ. ಅದಕ್ಕೆ ಮಾತ್ರ ಅವನು ಒಪ್ಪಲಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದೇ ನನಗೆ ತುರಿಕೆ ಹತ್ತಿಸಿತು. ಆಗಲೇ ನಾನು ನಿನಗೆ ಬರೆದು, ಬೆಲ್ಟು ಯಾಕೆ ಕಿರುಚುತ್ತದೆ ಮಗಳೇ ಎಂದು ಏನೂ ಅರಿಯದ ಮಗುವಿನಂತೆ ಕೇಳಿದ್ದು. ನೀನು ನಾಲ್ಕೇ ಸಾಲು ಬರೆದೆ. ಆ ನಾಲ್ಕು ಸಾಲು ನನಗೆ ಬಂದೂಕಾದವು.

ನಿನ್ನೆ, ಶನಿವಾರ, ಗ್ಯಾರೇಜು ತುಂಬಿತ್ತು. ಅವನ ಹಳೆಯ ಗಿರಾಕಿ, ನಿವೃತ್ತ ಹೆಡ್‌ಮಿಸ್ಸು ಕೂಡ ಇದ್ದರು. ಇಡೀ ಊರಿಗೆ ಕಿವಿ ಹಿಂಡಿ ಕಲಿಸಿದ ಹೆಂಗಸು. ನಾನು ಕಾರನ್ನು ನೇರ ಒಳಗೇ ನುಗ್ಗಿಸಿ ಬಾನೆಟ್ ಎತ್ತಿದೆ. ನೀನು ಬರೆದಂತೆ ಕೈ ದೂರವಿಟ್ಟು, ಓಡುತ್ತಿರುವ ಬೆಲ್ಟಿನ ಒಳಮೈಗೆ ಬಾಟಲಿಯಿಂದ ನೀರು ಚಿಮುಕಿಸಿದೆ. ಕಿರುಚು ಟಪ್ಪನೆ ನಿಂತಿತು. ಹೆಡ್‌ಮಿಸ್ಸು 'ಅಯ್ಯೋ ಸರಿಹೋಯ್ತಲ್ಲ!' ಅಂದರು. ಹತ್ತು ಎಣಿಸಿ ಮೇಡಂ ಎಂದೆ. ಏಳಕ್ಕೇ ಮತ್ತೆ ಶುರು. 'ನೀರಿಗೆ ಸದ್ದು ಹೆಚ್ಚಿದ್ರೆ ಬೆಲ್ಟು ಸಡಿಲ, ನಿಂತು ಮತ್ತೆ ಬಂದ್ರೆ ಪುಲ್ಲಿ ಸೊಟ್ಟ. ನನ್ನ ಮಗಳು ಹೇಳಿದ್ದು' ಎಂದೆ. ಇಂಜಿನ್ ನಿಲ್ಲಿಸಿ, ನಮ್ಮ ಅಂಗಡಿಯ ಉಕ್ಕಿನ ಗಜಕಡ್ಡಿಯನ್ನು ಬೆಲ್ಟು ಸುತ್ತುವ ಚಕ್ರಗಳ, ಅದೇ ಎರಡು ಪುಲ್ಲಿಗಳ ಮುಖಕ್ಕೆ ಅಡ್ಡ ಇಟ್ಟೆ. ಡೈನಮೊ ಪುಲ್ಲಿ ಒಂದು ಕೋಟಿನ ಗುಂಡಿಯ ದಪ್ಪದಷ್ಟು ಹಿಂದಕ್ಕೆ ಕೂತಿತ್ತು. ಎಲ್ಲರೂ ಬಗ್ಗಿ ನೋಡಿದರು.

ಅವನು ತಕ್ಷಣ, 'ನಾನು ಅವತ್ತೇ ಹೇಳಲಿಲ್ವಾ, ಆ ಹುಡುಗಿ ಕೆಲಸ' ಎಂದ. ನಾನು ಕಾದಿದ್ದೇ ಇದಕ್ಕೆ. ನೀನು ಬಿಗಿದ ಪ್ರತಿ ಬೋಲ್ಟಿನ ತಲೆಗೆ ಉಗುರುಬಣ್ಣದ ಚುಕ್ಕಿ ಇಡುತ್ತಿದ್ದೆಯಲ್ಲ, ನಮ್ಮ ಅಂಗಡಿಯ ಮಾರಾಟವಾಗದ ಆ ಕೆಟ್ಟ ಗುಲಾಬಿ ಬಣ್ಣ? ಇಂಜಿನ್‌ಗೆ ಮದುವೆ ಮಾಡ್ತೀಯಾ ಎಂದು ಅವನೇ ನಗುತ್ತಿದ್ದ. ಟಾರ್ಚು ಹಾಕಿ ಹೆಡ್‌ಮಿಸ್ಸಿಗೆ ತೋರಿಸಿದೆ: ಇಂಜಿನ್ ತುಂಬ ಗುಲಾಬಿ ಚುಕ್ಕಿ, ಡೈನಮೊದ ಎರಡು ಬೋಲ್ಟು ಮಾತ್ರ ಬೋಳು. ಅವರು ಕನ್ನಡಕ ಸರಿಮಾಡಿಕೊಂಡು ತರಗತಿಯ ದನಿಯಲ್ಲಿ ಕೇಳಿದರು: 'ಇದನ್ನ ಬಿಗಿ ಮಾಡಿದ್ದು ಯಾರಪ್ಪಾ?' ಐವತ್ತು ದಾಟಿದ ಗಂಡಸು ನೆಲ ನೋಡಿದ. 'ನಾನೇ' ಎಂದ. ಜೋಡಿಸುವಾಗ ಬುಡದ ದಪ್ಪ ವಾಷರು ಒಂದು ಕಮ್ಮಿ ಇತ್ತಂತೆ. ಹುಡುಕಿದನಂತೆ, ಸಿಗಲಿಲ್ಲವಂತೆ, ನಡೆಯುತ್ತದೆ ಎಂದು ಹಾಗೇ ಬಿಗಿದನಂತೆ. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದ. ಪುಟ್ಟೀ, ಅವನ ಮುಖದಿಂದ ರಕ್ತ ಇಳಿಯುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾದದ್ದನ್ನು ಬರೆಯಲು ನಾಚಿಕೆಯೇನೂ ಇಲ್ಲ. ಎರಡನೇ ಸಲ ಬಡಿಸಿದ್ದರೂ ಉಣ್ಣುತ್ತಿದ್ದೆ.

ಹೆಡ್‌ಮಿಸ್ಸು ಅಲ್ಲೇ ಕೂರಿಸಿ ಅವನಿಂದ ಪತ್ರ ಬರೆಸಿದರು, ಎರಡು ಕಡೆ ತಪ್ಪು ತಿದ್ದಿಸಿದರು. ಜೋಡಿಸಿದ್ದು ತಾನೆಂದೂ, ನಿನ್ನ ಕೆಲಸದಲ್ಲಿ ಮೂರು ವರ್ಷ ಒಂದು ದೂರೂ ಇಲ್ಲವೆಂದೂ ಬರೆದು ಸಹಿ ಹಾಕಿದ್ದಾನೆ. ಇದರೊಂದಿಗೆ ಇಟ್ಟಿದ್ದೇನೆ, ಕೈಸೇರಿದ ದಿನವೇ ಡಿಪೋದ ಮೇಜಿನ ಮೇಲೆ ಬೀಳಲಿ. ಆ ಅಳತೆಯ ವಾಷರು ಅವನಲ್ಲಿಲ್ಲ. ಚೀಟಿಯ ಮೇಲೆ ಅಳತೆಗೆ ಸರಿಯಾಗಿ ದುಂಡಗೆ ಗೆರೆ ಎಳೆದು, ಒಳಗಿನ ತೂತಿನ ಅಳತೆಯನ್ನೂ ದಪ್ಪವನ್ನೂ ಗುರುತಿಸಿ ಕೊಟ್ಟಿದ್ದಾನೆ. ಲೇತಿನವನ ಹತ್ತಿರ ಮಾಡಿಸಬೇಕು.

ನಿಮ್ಮಮ್ಮ ನಿನ್ನೆಯಿಂದ ಮತ್ತೆ ಮಾತಾಡುತ್ತಿದ್ದಾಳೆ, ಸಾಲ ತೀರಿಸುವವಳಂತೆ. ಅವಳ ಮುತ್ತು, ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು, ಯಾರ ಮುಂದೆಯೂ ತಲೆ ತಗ್ಗಿಸಬೇಡ.

ನಿನ್ನ,
ಗೆದ್ದ ಅಪ್ಪ

ತಾ.ಕ.: ಪುಟ್ಟೀ, ಮೇಲಿನ ಸಹಿಯನ್ನು ಹೊಡೆದುಹಾಕಬೇಕೆಂದಿದ್ದೆ, ಆದರೆ ಇರಲಿ, ನೋಡಿ ನಗು. ಕಾಗದ ಮಡಚುವಾಗ ಫ್ಯಾನಿನ ಗಾಳಿಗೆ ವಾಷರಿನ ಚೀಟಿ ಹಾರಿತು. ಹಿಡಿದು, ಮೇಜಿನ ಮೇಲಿಟ್ಟು, ಅದರ ಮೇಲೆ ಕೀಲಿಗೊಂಚಲು ಇಟ್ಟೆ. ಗೊಂಚಲಿನ ದಾರಕ್ಕೆ ಪೋಣಿಸಿದ ಉಕ್ಕಿನ ಬಳೆಯೊಂದಿದೆ. ಅದು ಚೀಟಿಯ ಗೆರೆಯ ಮೇಲೆ ಕೂತಿತು. ಒಳಗೂ ಹೊರಗೂ, ಕೂದಲೆಳೆ ವ್ಯತ್ಯಾಸವಿಲ್ಲ. ದಪ್ಪ ಅಳೆದೆ. ಅದೂ ಸರಿ. ಆ ದಿನ ಸ್ಟೂಲಿನಿಂದ ಏಳುವಾಗ ನಿನ್ನ ಬೆಡ್‌ಶೀಟಿನ ಅಂಚಿನಲ್ಲಿ ಅದು ಬಿದ್ದಿತ್ತು. ಯಾರೋ ಬೀಳಿಸಿದ್ದು ಎಂದು ಹೆಕ್ಕಿ ಜೇಬಿಗೆ ಹಾಕಿಕೊಂಡೆ, ಆಮೇಲೆ ಗೊಂಚಲಿಗೆ ಪೋಣಿಸಿದೆ. ಹೊಲಿಗೆ ಕಾರ್ಖಾನೆಯ ಕಸದಿಂದ ಗುಂಡಿ ಹೆಕ್ಕಿ ಅಂಗಡಿ ಕಟ್ಟಿದವನ ಕೈ, ಕೇಳಬೇಕೇ? ಇಪ್ಪತ್ತಾರು ಬೆಳಗು ಅದನ್ನೇ ಅವನ ಮುಖದೆದುರು ಗಿಲಿಗಿಲಿ ಆಡಿಸಿದ್ದೇನೆ.

ನಾಳೆ ಎಂಟಕ್ಕೆ ಮತ್ತೆ ಹೋಗುತ್ತೇನೆ. ಹೆಡ್‌ಮಿಸ್ಸನ್ನೂ ಕರೆದಿದ್ದೇನೆ. ಆ ವಾಷರು ತೆಗೆದದ್ದು ಯಾರು ಎಂದು ಕೇಳಿದರೆ ನಾನೂ ಅದೇ ಎರಡು ಅಕ್ಷರ ಹೇಳಬೇಕು. ಅವನು ಹೊಟ್ಟೆ ಹಿಡಿದು ನಗುತ್ತಾನೆ. ನಗಲಿ. ನಕ್ಕು ಮುಗಿಸಿದ ಮೇಲೆ, ಕಮ್ಮಿ ಇದೆಯೆಂದು ಗೊತ್ತಿದ್ದೂ ಹುಡುಗಿಯ ಮೇಲೆ ಹಾಕಿದ್ದು ಯಾರು ಎಂದು ಮತ್ತೊಮ್ಮೆ ಕೇಳಿಯೇ ಬರುತ್ತೇನೆ. ಅದನ್ನು ಮಾತ್ರ ಬಿಡುವುದಿಲ್ಲ. ನಿನ್ನ ಕ್ಷಮೆಯನ್ನು ಕಾಗದದಲ್ಲಿ ಕೇಳುವುದಿಲ್ಲ, ನೀನು ಬಂದಾಗ ಎದುರು ನಿಂತು ಕೇಳುತ್ತೇನೆ.

ಕೊನೆಯ ಲೆಕ್ಕ ಹೀಗಿದೆ. ಯಜಮಾನನಿಗೆ: ನಗಲು ಒಂದು ಬೆಳಗು. ಕಾಂಪೌಂಡರಿಗೆ: ನಿದ್ದೆ. ಕಾರಿಗೆ: ಅದರ ವಾಷರು. ಡಿಪೋಗೆ: ಒಬ್ಬ ಮೆಕ್ಯಾನಿಕ್. ನಿನಗೆ: ನೀನು ಎಣಿಸಿದ್ದು ಸರಿಯಾಗಿತ್ತು ಎಂಬ ರುಜುವಾತು. ನನಗೆ: ಒಂದು ತುಂಡು ದಾರ, ನಾಲ್ಕು ಕೀಲಿ.