ಕಾವಲಿ ತಿಕ್ಕಿದ ತಪ್ಪಿಗೆ

ಹನಕೆರೆ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಅಜ್ಜಿಗೆ,

ಫೋನ್ ಇದ್ದೂ ಕಾಗದ ಬರೆಯುತ್ತಿದ್ದೇನೆ, ಸಾರಿ. ಫೋನಿನಲ್ಲಾದರೆ ನೀನು "ಉಂಡ್ರಾ?" ಅಂತ ಕೇಳಿ, ನಾನು ಹೂಂ ಅನ್ನುವಷ್ಟರಲ್ಲಿ "ಸರಿ, ಮಡಗು" ಅಂದುಬಿಡುತ್ತೀಯ. ಈ ಸಲ ಹೇಳುವುದು ಜಾಸ್ತಿ ಇದೆ, ಅದರಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ನಿನ್ನ ಕನ್ನಡಕಕ್ಕೆ ಸಿಗಲಿ ಅಂತ ದಪ್ಪ ಅಕ್ಷರದಲ್ಲೇ ಬರೆದಿದ್ದೇನೆ. ಮಂಡಿನೋವು ಹೇಗಿದೆ? ಮಳವಳ್ಳಿಯಲ್ಲಿ ಅತ್ತೆ ಮನೆಯ ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ಭಾಗ್ಯತ್ತೆ ಚೆನ್ನಾಗಿ ಊಟ ಮಾಡುತ್ತಿದ್ದಾರಾ? ಪಾಪುವಿಗೆ ಎಣ್ಣೆ ನೀರು ಹಾಕುವಾಗ ನನ್ನ ಹೆಸರು ಹೇಳಿ ಒಂದು ಚೊಂಬು ಜಾಸ್ತಿ ಹಾಕು. ಇಲ್ಲಿ ತಾತ ಆರೋಗ್ಯವಾಗಿದ್ದಾರೆ. ಈ ಮಾತನ್ನು ಶುಕ್ರವಾರ ಬರೆಯಲು ಆಗುತ್ತಿರಲಿಲ್ಲ.

ನೀನು ಭಾಗ್ಯತ್ತೆಯ ಬಾಣಂತನಕ್ಕೆ ಹೊರಟಾಗ ರುಬ್ಬಿಟ್ಟಿದ್ದ ಹಿಟ್ಟು ಮೂರು ದಿನಕ್ಕೆ ಬಂತು. ನಾಲ್ಕನೇ ದಿನ, ಶುಕ್ರವಾರ ಬೆಳಿಗ್ಗೆ, ಪಾತ್ರೆ ತೆಗೆದು ನೋಡಿದೆ, ಖಾಲಿ. ದೋಸೆಗೆ ಹಿಂದಿನ ದಿನವೇ ಅಕ್ಕಿ ನೆನೆಹಾಕಬೇಕು ಅಂತ ನನಗೆ ಹೊಳೆದೇ ಇರಲಿಲ್ಲ ಅಜ್ಜಿ. ಹಾಸ್ಟೆಲಿನಲ್ಲಿದ್ದಾಗ ಬೆಲ್ ಹೊಡೆದರೆ ತಿಂಡಿ, ಅಷ್ಟೇ. ನನಗೆ ಕಾಲೇಜಿಗೆ ಮಂಡ್ಯದ ರೈಲು ಹಿಡಿಯುವ ಅವಸರ, ಅವತ್ತು ಲ್ಯಾಬ್ ಬೇರೆ. ತಾತ ಸ್ಟೇಷನ್ ಹತ್ತಿರದ ಅಂಗಡಿಯಿಂದ ಎರಡು ಬನ್ ತಂದು ತಿಂದು ಶುಗರ್ ಮಾತ್ರೆ ನುಂಗಿದರು. ಮಧ್ಯಾಹ್ನ ತಲೆ ಸುತ್ತಿ ಜಗಲಿಯಲ್ಲೇ ಕೂತುಬಿಟ್ಟರಂತೆ. ಸಂಜೆ ಕಾರವಾರದಿಂದ ಫೋನ್ ಮಾಡಿದ ಅಪ್ಪನಿಗೆ ಅದು ಗೊತ್ತಾಯಿತು. ಅವರಿಗೆ ಪಾಪ ಭಯ. ಮುಂದಿನ ಭಾನುವಾರ ಬರುತ್ತೇನೆ, ನೀನು ವಾಪಸ್ ಹಾಸ್ಟೆಲಿಗೆ ಸೇರು, ತಾತನನ್ನು ಮಳವಳ್ಳಿಗೆ ಬಿಡುತ್ತೇನೆ ಅಂದರು. ನಾನು ಸರಿ ಅಪ್ಪ ಅಂದೆ. ಅವರಿಗೆ ಊರೂರಿಗೆ ವರ್ಗವಾಗುತ್ತಿದ್ದಾಗಿನಿಂದ, ಅಂದರೆ ಐದನೇ ಕ್ಲಾಸಿನಿಂದ, ನಾನು ಅದೇ ಅನ್ನುತ್ತಾ ಬಂದಿರುವುದು.

ಈಗ ತಪ್ಪೊಪ್ಪಿಗೆ. ಕೂತು ಓದು. ಆ ಸಂಜೆ ಟೆನ್ಶನ್ನಿಗೆ ನಾನು ಅಡುಗೆಮನೆ ಪೂರ್ತಿ ಕ್ಲೀನ್ ಮಾಡಿದೆ. ಒಲೆಯ ಪಕ್ಕ ನಿನ್ನ ದೋಸೆ ಕಾವಲಿ ಟಾರಿನ ಹಾಗೆ ಕರ್ರಗೆ ಕೂತಿತ್ತು. ಸೋಪಿನ ಪುಡಿ ಹಾಕಿ, ತಂತಿ ಬ್ರಷ್ಷಿನಲ್ಲಿ ಅರ್ಧ ಗಂಟೆ ತಿಕ್ಕಿದೆ. ಹಾಸ್ಟೆಲಿನಲ್ಲಿ ವಾರ್ಡನ್ ನಮ್ಮ ತಟ್ಟೆ ಎತ್ತಿ ಮುಖ ಕಾಣುತ್ತಾ ಅಂತ ನೋಡುತ್ತಿದ್ದರು. ನಿನ್ನ ಕಾವಲಿಯಲ್ಲೂ ಮುಖ ಕಂಡಿತು. ನಿಜ ಹೇಳಬೇಕೆಂದರೆ ಫೋಟೋ ಕೂಡ ತೆಗೆದುಕೊಂಡೆ.

ಶನಿವಾರ ಪಕ್ಕದ ಮನೆ ಚಿಕ್ಕಮಾದಮ್ಮಜ್ಜಿಯನ್ನು ಕೇಳಿ, ರುಬ್ಬದೆ, ಹುಳಿ ಬರಿಸದೆ ಆಗುವ ದೋಸೆಗೆ ಹಿಟ್ಟು ಕಲಸಿದೆ. ಒಂದೊಂದು ದೋಸೆಯೂ ಕಾವಲಿಯನ್ನು ತಬ್ಬಿಕೊಂಡು ಕೂತಿತು. ಕೆರೆದು ಕೆರೆದು ತಟ್ಟೆಗೆ ಹಾಕಿದೆ, ಅಳು ಬಂತು. ತಾತ ಚಮಚ ತರಿಸಿಕೊಂಡು, "ಉಪ್ಪಿಟ್ಟು ಚೆಂದಾಗದೆ ಕಣ್ ಮಗ" ಅಂತ ಪೂರ್ತಿ ತಿಂದರು. ಆಮೇಲೆ ಬಂದ ಚಿಕ್ಕಮಾದಮ್ಮಜ್ಜಿ ಕಾವಲಿ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ನಿನ್ ಮನೆ ಕಾಯೋಗ, ನಿಮ್ಮಜ್ಜಿ ಮೂವತ್ತು ವರ್ಸ ಪಳಗ್ಸಿದ್ ಕಾವಲಿಯ ತಿಕ್ಬುಟ್ಟಲ್ಲವ್ವ. ನಾವು ಅದ್ಕೆ ನೀರೂ ತೋರ್ಸಕಿಲ್ಲ, ಬಟ್ಟೇಲಿ ಒರ್ಸಿ ಮಡಗ್ತೀವಿ."

ನಿನಗೆ ಹೇಗೆ ಮುಖ ತೋರಿಸಲಿ ಅಂತ ನಾನು ಕೂತಿದ್ದರೆ, ತಾತ ಕಾವಲಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ನೀರು ಕಾಯಿಸುವ ಒಲೆಗೆ ತೆಂಗಿನ ಗರಿ ಒಟ್ಟಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ಸವರಿದರು. ಹೊಗೆ ಬಂದಮೇಲೆ ಆರಲು ಬಿಟ್ಟು ಮತ್ತೆ ಸವರಿದರು. ಮೂರು ಸಂಜೆ ಅದೇ ಕೆಲಸ. ನೀನು ಯಾರನ್ನೂ ಮುಟ್ಟಲು ಬಿಡದ ಕಾವಲಿ ಕೈಗೆ ಸಿಕ್ಕಿದ ಖುಷಿ ಅವರ ಮುಖದಲ್ಲಿ ಇತ್ತು, ಅವರಿಗೆ ಹೇಳಬೇಡ. ನಾನು ಪಕ್ಕದಲ್ಲಿ ಕೂತು ಇಂಟರ್ನಲ್ಸ್‌ಗೆ ಓದಿಕೊಂಡೆ. ಮೂರನೇ ದಿನ ಕಾವಲಿ ಮಂಕಾಗಿ, ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಯಿತು.

ನಿನ್ನೆ ಬೆಳಿಗ್ಗೆ ಎರಡು ಹಿಡಿ ರಾಗಿ ಹಿಟ್ಟು, ಒಂದು ಹಿಡಿ ಅಕ್ಕಿ ಹಿಟ್ಟು, ಸ್ವಲ್ಪ ರವೆ, ಹುಳಿ ಮಜ್ಜಿಗೆ, ಜೀರಿಗೆ, ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ. ಮಜ್ಜಿಗೆಯಷ್ಟೇ ನೀರಾಗಿ ಕಲಸಿ, ಹತ್ತು ನಿಮಿಷ ಬಿಟ್ಟು, ಅಂಚಿನಿಂದ ಸುತ್ತ ಚೆಲ್ಲಿದೆ. ಚುಯ್ ಅಂದಿತು. ಕಾಯುತ್ತಾ ನಿಂತೆ, ಪರೀಕ್ಷೆ ಫಲಿತಾಂಶಕ್ಕೂ ಹಾಗೆ ನಿಂತಿಲ್ಲ. ಅಂಚು ತಾನಾಗಿಯೇ ಎದ್ದಿತು ಅಜ್ಜಿ! ಮೊದಲನೆಯದನ್ನು ತಾತ ತಿನ್ನಲೇ ಇಲ್ಲ. ಡೇರಿಗೆ ಹಾಲು ಹಾಕಲು ಹೊರಟಿದ್ದ ಲಿಂಗಯ್ಯನವರನ್ನು ಬಾಗಿಲಲ್ಲಿ ನಿಲ್ಲಿಸಿ, ದೋಸೆಯನ್ನು ಬಿಸಿಲಿಗೆ ಹಿಡಿದು, "ತೂತು ನೋಡ್ಲಾ ಲಿಂಗ" ಅಂದರು. "ನಿನ್ ಮೊಮ್ಮಗ್ಳು ದೋಸೆ ಉಯ್ದವ್ಳೋ, ಜರಡಿ ಹೆಣ್ದವ್ಳೋ" ಅಂತ ಅವರು ಅಂದು, ಆ ಜರಡಿಯನ್ನು ತಾವೇ ತಿಂದು ಹೋದರು. ತಾತ ನಾಲ್ಕು ತಿಂದು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡರು. ಇವತ್ತೂ ಅಷ್ಟೇ. ರೈಲೂ ತಪ್ಪಲಿಲ್ಲ. ಕೈಯಲ್ಲಿ ಈರುಳ್ಳಿ ವಾಸನೆ ಇಟ್ಟುಕೊಂಡು, ಒಬ್ಬಳೇ ನಗುತ್ತಾ ಮಂಡ್ಯದವರೆಗೆ ನಿಂತುಕೊಂಡೇ ಹೋದೆ.

ಭಾಗ್ಯತ್ತೆಗೆ, ಮಾಮನಿಗೆ ನನ್ನ ನಮಸ್ಕಾರ. ಪಾಪುವಿನ ಅಂಗಾಲಿಗೆ ಒಂದು ಮುತ್ತು. ನಿನ್ನ ಕಾಲಿಗೆ ಬಿದ್ದಿದ್ದೇನೆ, ಕಾವಲಿಯದ್ದೂ ಸೇರಿಸಿ.

ನಿನ್ನ
ಬಿಂದು

ಮರೆತೆ: ಅಪ್ಪನಿಗೆ ಸರಿ ಅಂದಿದ್ದು ಸುಳ್ಳು. ನನಗೆ ಹಾಸ್ಟೆಲ್ ಬೇಡ ಅಜ್ಜಿ. ತಾತನಿಗೂ ಹನಕೆರೆ ಬಿಡಲು ಇಷ್ಟವಿಲ್ಲ, ನಿನ್ನೆ ಅವರೇ ಒಂದು ಸೇರು ರಾಗಿ ಬೀಸಿಸಿಕೊಂಡು ಬಂದಿದ್ದಾರೆ. ಅಪ್ಪ ನಿನ್ನ ಮಾತು ಮಾತ್ರ ಕೇಳುವುದು. ನಾನು ಇಲ್ಲೇ ಇರಲಿ ಅಂತ ನೀನು ಅವರಿಗೆ ಹೇಳು. ಈ ಕಾಗದ ತರುವ ಚಿಕ್ಕಮಾದಮ್ಮಜ್ಜಿ ಶುಕ್ರವಾರ ವಾಪಸ್ ಬರುತ್ತಾರೆ. ಬೈಯುವುದಿದ್ದರೂ ಬೈದು ಬರೆ, ಆದರೆ ಅವರ ಕೈಯಲ್ಲೇ ಉತ್ತರ ಕಳಿಸು.